ಕಂಬಳಿಯೋ, ಕಟ್ಟಿಗೆಯೋ

ಭತ್ತದ ಕೊಯ್ಲು ಮುಗಿದ ಮೇಲೆ ರಾಯಚೂರು ಜಿಲ್ಲೆಯ ಮಾನ್ವಿ ಸುತ್ತಿನ ಗದ್ದೆಗಳ ನೋಟವೇ ಬೇರೆ. ಕೂಳೆ ಒಣಗಿ ನಿಂತಿರುತ್ತದೆ, ನಡುವೆ ಕುರಿಹಿಂಡು ಇಳಿದಿರುತ್ತದೆ. ರಾತ್ರಿಯೆಲ್ಲ ಕುರಿ ನಿಂತ ಗದ್ದೆಗೆ ಗೊಬ್ಬರ ಸಿಗುತ್ತದೆ, ಕುರಿಗಾರರಿಗೆ ಕಾಳೋ ಕಾಸೋ ಸಿಗುತ್ತದೆ. ಹಿಂಡಿನ ಜೊತೆಗೆ ತಿಂಗಳುಗಟ್ಟಲೆ ಊರು ಬಿಟ್ಟು ತಿರುಗುವ ಈ ಸಂಸಾರಗಳ ಮನೆಯೆಲ್ಲ ಒಂದೆರಡು ಕುದುರೆಗಳ ಬೆನ್ನ ಮೇಲಿರುತ್ತದೆ. ಬಲೆ, ಗೂಟ, ಹಂಚು, ಜೋಳದ ಹಿಟ್ಟಿನ ಚೀಲ, ತಾಡಪಾಲು, ಜಾಳಿಗೆಯೊಳಗಿನ ಕೋಳಿ, ಮೊನ್ನೆ ಹುಟ್ಟಿ ಇನ್ನೂ ಹಿಂಡಿನ ಜೊತೆ ನಡೆಯಲಾರದ ಮರಿ, ಎಲ್ಲವೂ ಅಲ್ಲೇ.

ಅಂಥದ್ದೊಂದು ಬಿಡಾರದ ಹತ್ತಿರ ನಿಂತು, ಗಿಡ್ಡನೆಯ ಕಂದು ಕುದುರೆಯನ್ನು ತೋರಿಸಿ, "ಯಜ್ಜಾ, ಇದಕ್ಕ ಜೀನು ಇಲ್ಲೇನು?" ಎಂದು ಕೇಳಿದೆ. ಅಜ್ಜ ಉತ್ತರ ಹೇಳದೆ ಕಂಬಳಿ ಎತ್ತಿದ. ಅದರಡಿಯಲ್ಲಿ ಹುಲ್ಲು ತುಂಬಿ ಹೊಲಿದ ಗೋಣಿತಟ್ಟಿನ ಎರಡು ಸುರುಳಿಗಳಿದ್ದವು. ತೊಡೆಯಷ್ಟು ದಪ್ಪದ ಅವು ಬೆನ್ನೆಲುಬಿನ ಆಚೆಗೊಂದು ಈಚೆಗೊಂದು ಮಲಗಿದ್ದವು. ಎರಡನ್ನೂ ಹಗ್ಗ ಹಿಡಿದಿತ್ತು. ನಡುವೆ ನಾಲ್ಕು ಬೆರಳು ಅಗಲದ ಖಾಲಿ ಓಣಿ.

"ನಡುವಿನ ಎಲುವಿಗೆ ಏನೂ ತಾಕಬಾರದ್ರಿ ಸರ. ತಾಕಿತಂದ್ರ ಹುಣ್ಣು. ಹುಣ್ಣಾತಂದ್ರ ಕುದುರಿ ಹೋತು."

"ನೀವು ಹತ್ತತೀರೇನು?"

"ಕಾಲು ಸೋತಾಗ ಗಳಿಗಿ ಹೊತ್ತು ಕೂಡ್ರತೀನ್ರಿ. ನಡೀತಿದ್ರ ಕೂಡ್ರತೀನಿ. ಓಡಾಕ ಹತ್ತಿದ್ರ ಇಳಿತೀನಿ."

ಈ ಎರಡು ಉತ್ತರಗಳಲ್ಲಿ ಈ ಅಧ್ಯಾಯದ ಮುಕ್ಕಾಲು ಪಾಲು ವಿಜ್ಞಾನ ಇದೆ. ಜಗತ್ತಿನ ಕುದುರೆ ಸವಾರರು ಕೆಲವು ದಶಕಗಳಿಂದ ಎರಡು ಪಂಗಡವಾಗಿ ವಾದಿಸುತ್ತಿದ್ದಾರೆ. ಒಳಗೆ ಗಟ್ಟಿ ಚೌಕಟ್ಟಿರುವ ಜೀನು ಒಳ್ಳೆಯದೋ, ಚೌಕಟ್ಟೇ ಇಲ್ಲದ ಮೆತ್ತನೆಯ ಜೀನು ಒಳ್ಳೆಯದೋ ಎಂಬುದು ಅವರ ಜಗಳ. ಮೇಲ್ನೋಟಕ್ಕೆ ಉತ್ತರ ಸುಲಭ: ಮೂಕಪ್ರಾಣಿಯ ಬೆನ್ನಿಗೆ ಕಟ್ಟಿಗೆಗಿಂತ ಮೆತ್ತೆ ಹಿತವಲ್ಲವೇ? ಆದರೆ ಮೆತ್ತಗಿರುವುದೆಲ್ಲ ಹಗುರವಾಗಿರುವುದಿಲ್ಲ. ಅದು ಹೇಗೆಂದು ತಿಳಿಯಲು ಕುದುರೆಯ ಬೆನ್ನನ್ನೂ ಸ್ವಲ್ಪ ಚರಿತ್ರೆಯನ್ನೂ ಒಟ್ಟಿಗೆ ತಡವಬೇಕು.

ಕುದುರೆ ದುಡ್ಡಿಗೆ ನಡೆದ ಯುದ್ಧ

ರಾಯಚೂರಿಗೂ ಕುದುರೆಗೂ ಹಳೆಯ ಋಣವಿದೆ. ಕೃಷ್ಣದೇವರಾಯ ಗೋವೆಯಲ್ಲಿ ಕುದುರೆ ಕೊಳ್ಳಲೆಂದು ಒಬ್ಬ ವ್ಯಾಪಾರಿಗೆ 40,000 ಪರ್ದಾವ್ ನಾಣ್ಯ ಕೊಟ್ಟು ಕಳಿಸಿದನಂತೆ. ಆತ ಹಣದ ಸಮೇತ ವಿಜಾಪುರದ ಆದಿಲ್ ಶಾಹಿಯ ಕಡೆಗೆ ಓಡಿಹೋದ. ಅವನನ್ನು ಒಪ್ಪಿಸಿರೆಂದು ರಾಯ ಕೇಳಿದ, ಇಸ್ಮಾಯಿಲ್ ಆದಿಲ್ ಶಾ ಒಪ್ಪಿಸಲಿಲ್ಲ. ಅದೇ ನೆಪವಾಗಿ 1520ರ ಮೇ ತಿಂಗಳ ಉರಿಬಿಸಿಲಿನಲ್ಲಿ ರಾಯಚೂರಿನ ಯುದ್ಧ ನಡೆಯಿತು. ಇದನ್ನು ಬರೆದಿಟ್ಟವನು ಪೋರ್ಚುಗೀಸ್ ನೂನಿಜ್. ಅವನೂ ಕುದುರೆ ವ್ಯಾಪಾರಿಯೇ. ಸೋತ ಪಾಳೆಯದಲ್ಲಿ ರಾಯನಿಗೆ ಸಿಕ್ಕದ್ದನ್ನು ಲೆಕ್ಕ ಹಾಕುವಾಗ ಹಾರ್ಮುಜಿನ ನಾಲ್ಕು ಸಾವಿರ ಕುದುರೆಗಳನ್ನು ಅವನು ಮರೆಯದೆ ಎಣಿಸುತ್ತಾನೆ.

ಅರಬ್ ಮತ್ತು ಪರ್ಶಿಯಾ ಕಡೆಯಿಂದ ಹಡಗಿನಲ್ಲಿ ಬಂದ ಈ ದುಬಾರಿ ಕುದುರೆಗಳ ಬೆನ್ನಿಗೆ ಹುಣ್ಣಾದರೆ ಅದು ರಾಜ್ಯಕ್ಕೇ ನಷ್ಟ. ಹಾಗಾಗಿ ಈ ನಾಡಿನಲ್ಲಿ ಕುದುರೆಯ ವಿದ್ಯೆ ಆಗಲೇ ಬೆಳೆದಿತ್ತು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದಲ್ಲಿ ಬರೆದ 'ಮಾನಸೋಲ್ಲಾಸ'ದಲ್ಲಿ ಕುದುರೆ ಏರಿ ಚೆಂಡಾಡುವ ಆಟಕ್ಕೇ ಒಂದು ಭಾಗವಿದೆ. ನಮ್ಮ ಮಾತಿನಲ್ಲೂ ಅದರ ಗುರುತುಗಳಿವೆ. ಬೆನ್ನ ಮೇಲಿನ ಆಸನಕ್ಕೆ ಹಲ್ಲಣ ಎಂದೂ ತಡಿ ಎಂದೂ ಕರೆದೆವು, ಆಮೇಲೆ ಫಾರಸಿಯಿಂದ ಜೀನು ಬಂತು. ಕಾಲಿಡುವ ಬಳೆಗೆ ಅಂಕವಣೆ ಎನ್ನುತ್ತಿದ್ದೆವು, ಆಮೇಲೆ ರಿಕಾಪು ಎಂದೆವು. ಹೇಳಬೇಕಾದ ಕಥೆಯಲ್ಲಿ ಈ ರಿಕಾಪಿಗೇ ಮುಖ್ಯ ಪಾತ್ರ.

ಮೊದಲು ಮೆತ್ತೆಯೇ ಇತ್ತು

ಚೌಕಟ್ಟಿಲ್ಲದ ಜೀನು ಹೊಸ ಶೋಧನೆ ಎಂದು ಅಂಗಡಿಯವರು ಹೇಳುತ್ತಾರೆ. ನಿಜಕ್ಕೂ ಜೀನುಗಳಲ್ಲೆಲ್ಲ ಹಳೆಯದು ಅದೇ. ಚೀನಾದ ಪಶ್ಚಿಮದಲ್ಲಿ, ತುರ್ಪಾನ್ ಮರಳುಗಾಡಿನ ಯಾಂಗ್‌ಹಾಯ್ ಎಂಬಲ್ಲಿ ಹೆಂಗಸೊಬ್ಬಳ ಸಮಾಧಿಯಲ್ಲಿ ತೊಗಲಿನ ಜೀನೊಂದು ಸಿಕ್ಕಿದೆ. ಅದರ ಕಾಲ ಕ್ರಿ.ಪೂ. 727ರಿಂದ 396ರ ನಡುವೆ ಎಂದು ವಿಜ್ಞಾನಿಗಳು 2023ರಲ್ಲಿ ಪ್ರಕಟಿಸಿದರು. ಅದರೊಳಗೆ ತುಂಬಿದ್ದು ಹುಲ್ಲು, ಜಿಂಕೆಯ ಮತ್ತು ಒಂಟೆಯ ಕೂದಲು. ಸೈಬೀರಿಯಾದ ಅಲ್ತಾಯ್ ಬೆಟ್ಟಗಳ ಪಾಜಿರಿಕ್ ಎಂಬಲ್ಲಿ ಹಿಮಗಟ್ಟಿದ ಗೋರಿಗಳಲ್ಲಿ ಸಿಕ್ಕ ಜೀನುಗಳೂ ಹೆಚ್ಚುಕಡಿಮೆ ಹೀಗೇ ಇವೆ: ಬೆನ್ನೆಲುಬಿನ ಎರಡೂ ಬದಿಗೆ ಒಂದೊಂದು ದಿಂಬು, ನಡುವೆ ಓಣಿ. ಮಾನ್ವಿಯ ಅಜ್ಜನ ಗೋಣಿಸುರುಳಿಯನ್ನು ಆ ಗೋರಿಯೊಳಗಿಟ್ಟಿದ್ದರೆ ಅಗೆದವರಿಗೆ ಅಷ್ಟೇನೂ ಅಚ್ಚರಿಯಾಗುತ್ತಿರಲಿಲ್ಲ.

ಹಾಗಾದರೆ ಕಟ್ಟಿಗೆ ಏಕೆ ಬಂತು? ಕಾಲಿನಿಂದಾಗಿ ಬಂತು. ಬರಿಗಾಲಿನ ಸವಾರರ ನಾಡಾದ ಭಾರತದಲ್ಲಿ ಹೆಬ್ಬೆರಳು ತೂರಿಸುವಷ್ಟು ಚಿಕ್ಕ ಕುಣಿಕೆ ಮೊದಲು ಕಾಣಿಸಿಕೊಂಡಿತು. ಎರಡು ಸಾವಿರ ವರ್ಷ ಹಳೆಯ ಸಾಂಚಿಯ ಶಿಲ್ಪಗಳಲ್ಲಿ ಅದನ್ನು ಗುರುತಿಸುತ್ತಾರೆ. ಪೂರ್ತಿ ಪಾದ ಊರುವ ಜೋಡಿ ಲೋಹದ ರಿಕಾಪು ಕ್ರಿ.ಶ. ನಾಲ್ಕು-ಐದನೆಯ ಶತಮಾನಗಳಲ್ಲಿ ಚೀನಾದ ಕಡೆ ರೂಢಿಗೆ ಬಂತು. ರಿಕಾಪು ಬಂದದ್ದೇ ಸವಾರ ಕುದುರೆಯ ಮೇಲೆ ಎದ್ದು ನಿಲ್ಲಬಲ್ಲವನಾದ. ಆದರೆ ಎದ್ದು ನಿಂತಾಗ ಅವನ ತೂಕವೆಲ್ಲ ಎರಡು ಪಟ್ಟಿಗಳಿಗೆ ಜೋತುಬೀಳುತ್ತದೆ. ಆ ಪಟ್ಟಿಯನ್ನು ಬರೀ ದಿಂಬಿಗೆ ಕಟ್ಟಿದರೆ ಅದು ಬೆನ್ನೆಲುಬನ್ನು ಅಡ್ಡಲಾಗಿ ಕೊಯ್ಯುವ ದಾರವಾಗುತ್ತದೆ. ಆ ತೂಕವನ್ನು ಹಿಡಿದು ಅಗಲಕ್ಕೆ ಹಂಚುವ ಏನಾದರೂ ಗಟ್ಟಿಯದ್ದು ಬೇಕಿತ್ತು. ಆಗ ಬಂದದ್ದು ಮರದ ಚೌಕಟ್ಟು.

ಚೌಕಟ್ಟಿನ ರಚನೆ ಸರಳ. ಬೆನ್ನೆಲುಬಿನ ಎರಡೂ ಬದಿಗೆ ಉದ್ದುದ್ದ ಎರಡು ಪಟ್ಟೆಗಳು, ಅವನ್ನು ಮುಂದೊಂದು ಹಿಂದೊಂದು ಕಮಾನು ಸೇರಿಸುತ್ತವೆ. ಮೇಲೆ ತೊಗಲು, ಕೆಳಗೆ ಮೆತ್ತೆ. ಇವತ್ತಿನ ಜೀನಿನಲ್ಲಿ ಪದರುಪದರಾಗಿ ಅಂಟಿಸಿದ ಮರ, ಉಕ್ಕಿನ ಪಟ್ಟಿ ಅಥವಾ ಗಟ್ಟಿ ಪ್ಲಾಸ್ಟಿಕ್ ಇರುತ್ತದೆ. ಬ್ರಿಟಿಷ್ ಸೇನೆಯ 1912ರ ಮಾದರಿಯ ಜೀನಿನಲ್ಲಿ ಪಟ್ಟೆಗಳು ಕಮಾನಿಗೆ ಕೀಲಿನಂತೆ ಸೇರಿಕೊಂಡು ಕುದುರೆಯ ಮೈಗೆ ತಕ್ಕಂತೆ ಅಲ್ಪಸ್ವಲ್ಪ ವಾಲುತ್ತಿದ್ದವು. ಗಟ್ಟಿತನದ ತೊಂದರೆ ಏನೆಂದು ಗಟ್ಟಿ ಜೀನು ಮಾಡುವವರಿಗೂ ಗೊತ್ತಿತ್ತು ಎಂಬುದಕ್ಕೆ ಇದೇ ಸಾಕ್ಷಿ.

ಬೆನ್ನಿನ ಗಣಿತ

ಕುದುರೆಯ ಎದೆಭಾಗದಲ್ಲಿ 18 ಕಶೇರುಗಳಿವೆ, ಒಂದೊಂದಕ್ಕೂ ಒಂದು ಜೊತೆ ಪಕ್ಕೆಲುಬು. ಕಶೇರುಗಳ ಮೇಲೆ ಮುಳ್ಳಿನ ಹಾಗೆ ಎಲುಬು ಎದ್ದಿರುತ್ತದೆ. ಹೆಗಲ ಹತ್ತಿರ ಈ ಮುಳ್ಳುಗಳು ಉದ್ದವಾಗಿ ಬೆಳೆದು ದಿಬ್ಬವಾಗಿವೆ. ಮುಳ್ಳಿನ ತುದಿಗೂ ಚರ್ಮಕ್ಕೂ ನಡುವೆ ಮಾಂಸವೇ ಇಲ್ಲ ಎನ್ನಬಹುದು. ಭಾರ ಹೊರಬಲ್ಲದ್ದು ಅದರ ಎರಡೂ ಬದಿಗೆ ಹಗ್ಗದಂತೆ ಹರಿದ ಉದ್ದನೆಯ ಮಾಂಸಖಂಡ, ಅದರ ಕೆಳಗಿನ ಪಕ್ಕೆಲುಬುಗಳ ಗೂಡು. ಕೊನೆಯ ಪಕ್ಕೆಲುಬಿನ ಹಿಂದೆ ಆಸರೆಯಿಲ್ಲ. ಆದ್ದರಿಂದ ಜೀನು ಅಲ್ಲಿಗೆ ಮುಗಿಯಬೇಕು.

ಮೆತ್ತನೆಯ ನೆಲದ ಮೇಲೆ ಭಾರ ಹೊರಿಸುವ ವಿದ್ಯೆ ಮಾನ್ವಿಯವರಿಗೆ ಹೇಳಿಕೊಡಬೇಕಾಗಿಲ್ಲ. ಕೆಸರುಗದ್ದೆಗೆ ಟ್ರ್ಯಾಕ್ಟರ್ ಇಳಿಸುವಾಗ ಅಗಲವಾದ ಕಬ್ಬಿಣದ ಕೇಜ್ ವೀಲ್ ಹಾಕುತ್ತಾರೆ. ಟ್ರ್ಯಾಕ್ಟರಿನ ತೂಕ ಇಳಿಯುವುದಿಲ್ಲ, ಅದು ಊರುವ ಜಾಗ ಹಿಗ್ಗುತ್ತದೆ. ರಾಯಚೂರು ಕೋಟೆಯ ಗೋಡೆಯಲ್ಲೂ ಇದೇ ಪಾಠ ಇದೆ. 1294ರ ಶಾಸನ ಹೊತ್ತ ಅಲ್ಲಿನ ಒಂದೇ ಕಲ್ಲಿನ ಉದ್ದ 41 ಅಡಿಗಿಂತ ಹೆಚ್ಚು. ಅಂಥ ಬಂಡೆಯನ್ನು ಬಂಡಿಯ ಮೇಲೆ ಹೇರಿ ಕೋಣಗಳ ಸಾಲಿನಿಂದ ಎಳೆಸಿದ ಚಿತ್ರವನ್ನೂ ಅಲ್ಲೇ ಕೆತ್ತಿದ್ದಾರೆ. ಭಾರ ಎಷ್ಟು ಎಂಬುದಕ್ಕಿಂತ ಅದನ್ನು ಎಷ್ಟು ಕಡೆ ಹಂಚಿದಿರಿ ಎಂಬುದೇ ಅಲ್ಲೂ ಮುಖ್ಯವಾಗಿತ್ತು.

ಈಗ ಒಂದು ಬಾಯಿಲೆಕ್ಕ. 60 ಕಿಲೋ ತೂಕದ ಸವಾರ ಚೆನ್ನಾಗಿ ಹೊಂದುವ ಚೌಕಟ್ಟಿನ ಜೀನಿನ ಮೇಲೆ ಕೂತಿದ್ದಾನೆ, ಜೀನು ಬೆನ್ನಿಗೆ 1,200 ಚದರ ಸೆಂಟಿಮೀಟರ್ ಜಾಗದಲ್ಲಿ ತಾಗಿದೆ ಎನ್ನಿ. ಒಂದೊಂದು ಚದರ ಸೆಂಟಿಮೀಟರಿಗೆ ಬೀಳುವುದು 50 ಗ್ರಾಂ. ಅವನೇ ಬರೀ ಮೆತ್ತೆಯ ಮೇಲೆ ಕೂತು, ತೂಕವೆಲ್ಲ ಕುಂಡೆಯ ಎರಡು ಎಲುಬುಗಳ ಸುತ್ತಿನ 300 ಚದರ ಸೆಂಟಿಮೀಟರಿನಲ್ಲಿ ಇಳಿದರೆ 200 ಗ್ರಾಂ. ಜೀನು ಬೆನ್ನಿಗೆ ಹೊಂದುತ್ತದೋ ಇಲ್ಲವೋ ಎಂದು ಅಳೆಯುವವರು ಎಚ್ಚರಿಕೆಯ ಗೆರೆ ಎಳೆದಿರುವುದು ಸರಾಸರಿ 11 ಕಿಲೋಪಾಸ್ಕಲ್‌ಗೆ, ಅಂದರೆ ಚದರ ಸೆಂಟಿಮೀಟರಿಗೆ ಸುಮಾರು 110 ಗ್ರಾಮಿಗೆ. ಮೊದಲಿನವನು ಗೆರೆಯೊಳಗಿದ್ದಾನೆ, ಎರಡನೆಯವನು ದಾಟಿದ್ದಾನೆ. ಆದರೆ ಇಬ್ಬರ ತೂಕವೂ ಒಂದೇ.

ಇದು ಕುದುರೆ ನಿಂತಾಗಿನ ಮಾತು. ಕುದುರೆ ನಡೆಯುವಾಗ ಬೆನ್ನಿಗೆ ಬೀಳುವ ಗರಿಷ್ಠ ಹೊಡೆತ ಸವಾರನ ತೂಕಕ್ಕಿಂತ ತುಸು ಮಾತ್ರ ಹೆಚ್ಚು, ಸುಮಾರು ಒಂದೂಕಾಲು ಪಟ್ಟು. ಕುಕ್ಕುಲೋಟಕ್ಕೆ ಬಿದ್ದರೆ ಹೆಜ್ಜೆಹೆಜ್ಜೆಗೂ ಅದು ಸುಮಾರು ಎರಡೂವರೆ ಪಟ್ಟಾಗುತ್ತದೆ. ಅರವತ್ತು ಕಿಲೋದವನು ಕ್ಷಣಮಾತ್ರಕ್ಕೆ ನೂರೈವತ್ತು ಕಿಲೋ ಆಗುತ್ತಾನೆ. ಕುದುರೆ ಓಡಲು ಹತ್ತಿದರೆ ಇಳಿಯುತ್ತೇನೆ ಎಂದು ಅಜ್ಜ ಹೇಳಿದ್ದರ ಅರ್ಥ ಇದು. ಅವನ ಹತ್ತಿರ ಮಾಪನ ಯಂತ್ರ ಇರಲಿಲ್ಲ, ಹುಣ್ಣಾದ ಕುದುರೆಗಳ ನೆನಪಿತ್ತು.

ಹುಣ್ಣು ಹೇಗಾಗುತ್ತದೆ ಎಂಬುದೂ ಸ್ಪಷ್ಟ. ಚರ್ಮದ ಸೂಕ್ಷ್ಮ ರಕ್ತನಾಳಗಳೊಳಗಿನ ಒತ್ತಡ ತೀರ ಕಡಿಮೆ. ಹೊರಗಿನ ಒತ್ತಡ ಅದನ್ನು ಮೀರಿದರೆ ನಾಳ ಮುಚ್ಚುತ್ತದೆ. ಕ್ಷಣಕ್ಕೊಮ್ಮೆ ಮುಚ್ಚಿ ತೆರೆದರೆ ತೊಂದರೆಯಿಲ್ಲ. ಒಂದೇ ಕಡೆ ತಾಸುಗಟ್ಟಲೆ ಮುಚ್ಚಿದ್ದರೆ ಅಲ್ಲಿನ ಮಾಂಸ ಉಸಿರುಗಟ್ಟಿ ಸಾಯುತ್ತದೆ. ಹಾಸಿಗೆ ಹಿಡಿದ ರೋಗಿಯನ್ನು ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸಿ ಮಲಗಿಸುವುದು ಇದೇ ಕಾರಣಕ್ಕೆ. ಕುದುರೆ ತನ್ನ ಬೆನ್ನ ಮೇಲಿನ ಜೀನನ್ನು ತಾನೇ ಮಗ್ಗುಲು ಬದಲಿಸಲಾರದು.

ಮೆತ್ತೆಯ ಪರ ವಕಾಲತ್ತು

ಹಾಗೆಂದು ಚೌಕಟ್ಟಿಲ್ಲದ ಜೀನಿನ ಕಡೆಯವರು ಸುಮ್ಮನೆ ಮಾತಾಡುತ್ತಿಲ್ಲ. ಅವರ ಮೊದಲ ದೂರು ಹೊಂದದ ಚೌಕಟ್ಟಿನ ಮೇಲೆ, ಆ ದೂರಿನಲ್ಲಿ ಹುರುಳಿದೆ. ಕಮಾನು ಇಕ್ಕಟ್ಟಾದರೆ ಹೆಗಲ ದಿಬ್ಬವನ್ನು ಇಕ್ಕಳದಂತೆ ಹಿಡಿಯುತ್ತದೆ, ಅಗಲವಾದರೆ ದಿಬ್ಬದ ಮೇಲೇ ಕೂರುತ್ತದೆ. ಪಟ್ಟೆಯ ಬಾಗು ಬೆನ್ನಿನ ಬಾಗಿಗೆ ಕೂಡದಿದ್ದರೆ ನಡುವೆ ಗಾಳಿ ನಿಂತು, ಅದು ನಾಲ್ಕು ಮೂಲೆಗಳಲ್ಲಷ್ಟೇ ಊರುತ್ತದೆ. ತಗ್ಗುದಿಣ್ಣೆ ನೆಲದ ಮೇಲೆ ಹಲಗೆ ಹಾಸಿದಂತೆ. ಆಗ ಮೇಲೆ ಹೇಳಿದ 1,200 ಚದರ ಸೆಂಟಿಮೀಟರ್ ಕಾಗದದ ಮೇಲಿನ ಲೆಕ್ಕವಾಗಿ ಉಳಿಯುತ್ತದೆ.

ಎರಡನೆಯದು, ಬೆನ್ನು ಬದಲಾಗುತ್ತದೆ. ಮಳೆಗಾಲದ ಹಸಿ ಮೇವು ಮೆದ್ದು ದುಂಡಗಾದ ಕುದುರೆ, ನಲವತ್ತು ಡಿಗ್ರಿ ದಾಟುವ ರಾಯಚೂರಿನ ಬೇಸಿಗೆಯಲ್ಲಿ ಒಣಹುಲ್ಲು ತಿಂದು ಸೊರಗುತ್ತದೆ. ಕಾರ್ತೀಕದಲ್ಲಿ ಹೊಂದಿದ ಚೌಕಟ್ಟು ಚೈತ್ರದಲ್ಲಿ ಹೊಂದುವುದಿಲ್ಲ. ಮೆತ್ತೆ ಎರಡಕ್ಕೂ ಒಗ್ಗುತ್ತದೆ.

ಮೂರನೆಯದು ಹೆಗಲಿನ ಚಲನೆ. ಮುಂಗಾಲು ಮುಂದೆ ಚಾಚಿದಾಗಲೆಲ್ಲ ಹೆಗಲ ಹಲಗೆಯ ಮೇಲಂಚು ಹಿಂದಕ್ಕೆ ಜಾರುತ್ತದೆ. ಅಲ್ಲಿ ಗಟ್ಟಿ ಮೂಲೆ ಇದ್ದರೆ ಹೆಜ್ಜೆಗೊಮ್ಮೆ ಢಿಕ್ಕಿ ಹೊಡೆಯುತ್ತದೆ, ಕುದುರೆ ಹೆಜ್ಜೆಯನ್ನೇ ಗಿಡ್ಡ ಮಾಡಿಕೊಳ್ಳುತ್ತದೆ. ಮೆತ್ತೆ ದಾರಿ ಬಿಡುತ್ತದೆ. ಜೊತೆಗೆ ಚೌಕಟ್ಟಿಲ್ಲದ ಜೀನು ಹಗುರ. ಕುದುರೆಯ ಮೈಯ ಅಲುಗಾಟ ಸವಾರನ ತೊಡೆಗೆ ನೇರ ತಿಳಿಯುತ್ತದೆ. ಹೆಗಲ ದಿಬ್ಬ ಅಷ್ಟಾಗಿ ಇಲ್ಲದ ಪೀಪಾಯಿ ಮೈಯ ಕುದುರೆಗಳಿಗೆ ಸರಿಯಾದ ಚೌಕಟ್ಟು ಸಿಗುವುದೇ ಕಷ್ಟ, ಅಂಥವಕ್ಕೆ ಇದು ವರ. ದೂರಪ್ರಯಾಣದ ಸ್ಪರ್ಧೆಗಳಲ್ಲೂ ಕೆಲವರು ಇದನ್ನೇ ಹಾಕುತ್ತಾರೆ.

ಅಳತೆ ಹೇಳಿದ್ದು

ಅಮೆರಿಕದ ಮಿಶಿಗನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಹಿಲರಿ ಕ್ಲೇಟನ್ ಮತ್ತು ಸಂಗಡಿಗರು ಈ ಜಗಳವನ್ನು ಅಳತೆಗೆ ಒಡ್ಡಿದರು. ನೂರಾರು ಸಂವೇದಕಗಳನ್ನು ಹೊಲಿದ ತೆಳು ಚಾಪೆಯೊಂದನ್ನು ಜೀನಿನಡಿ ಹಾಸಿದರೆ ಬೆನ್ನಿನ ಯಾವ ಭಾಗಕ್ಕೆ ಎಷ್ಟು ಒತ್ತಡ ಎಂಬುದು ಕಂಪ್ಯೂಟರಿನಲ್ಲಿ ಬಣ್ಣಬಣ್ಣದ ನಕ್ಷೆಯಾಗಿ ಮೂಡುತ್ತದೆ. 2012ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ ಚೌಕಟ್ಟಿನ ಜೀನು ಕುಕ್ಕುಲೋಟದಲ್ಲಿ ಭಾರವನ್ನು ಹೆಚ್ಚು ಅಗಲಕ್ಕೆ ಹಂಚಿತು. ಚೌಕಟ್ಟಿಲ್ಲದ್ದರ ಅಡಿಯಲ್ಲಿ 11 ಕಿಲೋಪಾಸ್ಕಲ್ ಗೆರೆ ದಾಟಿದ ಜಾಗ ಹೆಚ್ಚಿತ್ತು. ಮರುವರ್ಷ ಏನನ್ನೂ ಹಾಕದೆ ಬರೀ ಬೆನ್ನ ಮೇಲಿನ ಸವಾರಿಯನ್ನು ಅಳೆದಾಗ ಸವಾರನ ಕುಂಡೆಯ ಎಲುಬುಗಳ ನೇರಕ್ಕೆ ಒತ್ತಡ ಗುಪ್ಪೆಯಾಗಿ ಎದ್ದಿತ್ತು. ಮೆತ್ತೆ ಹಿತವೆನಿಸುವುದು ಕೂತವನಿಗೆ. ಹೊತ್ತ ಬೆನ್ನಿಗೆ ಆ ಹಿತ ದಾಟುವುದು ಮೆತ್ತೆ ದಪ್ಪಗಿದ್ದು, ಅದಕ್ಕೆ ಒಳಗೊಂದು ಆಕಾರ ಇದ್ದಾಗ ಮಾತ್ರ.

ಉಳಿದ ತೊಂದರೆಗಳನ್ನು ಇದರಿಂದಲೇ ಊಹಿಸಬಹುದು. ನಡುವಿನ ಓಣಿಯನ್ನು ತೆರೆದಿಡುವ ಕಮಾನು ಇಲ್ಲದ ಕಾರಣ ತೆಳು ಮೆತ್ತೆ ಕುಸಿದು ಬೆನ್ನೆಲುಬಿನ ಮುಳ್ಳುಗಳ ಮೇಲೆ ಕೂರುತ್ತದೆ. ಇದಕ್ಕೆಂದೇ ಎರಡು ಬದಿಗೆ ಗಡುಸು ಪಟ್ಟಿ ತೂರಿಸಿದ ಅಡಿಹಾಸು ಮಾರುತ್ತಾರೆ, ಅದನ್ನು ಹಾಕದೆ ಏರಬಾರದು. ರಿಕಾಪಿನ ಪಟ್ಟಿ ಬೆನ್ನನ್ನು ಅಡ್ಡಲಾಗಿ ಒತ್ತುತ್ತದೆ. ರಿಕಾಪಿನ ಮೇಲೆ ಎದ್ದೆದ್ದು ಸವಾರಿ ಮಾಡುವವರಿಗೆ, ಜಿಗಿಸುವವರಿಗೆ, ಭಾರೀ ಆಳುಗಳಿಗೆ, ತಾಸುಗಟ್ಟಲೆ ಹೋಗುವವರಿಗೆ ಇದರ ಅಪಾಯ ಹೆಚ್ಚು. ನೆಲದಿಂದ ಒಂದೇ ಕಾಲೂರಿ ಹತ್ತಿದರೆ ಇಡೀ ಜೀನು ಸವಾರನ ಕಡೆಗೇ ಉರುಳಬಹುದು, ಕಟ್ಟೆಯ ಮೇಲೆ ನಿಂತು ಹತ್ತುವುದೇ ಲೇಸು. ಉರುಳದಿರಲೆಂದು ಹೊಟ್ಟೆಪಟ್ಟಿ ಬಿಗಿದರೆ ಉಸಿರಿಗೆ ಅಡ್ಡಿ. ಕೂತವನು ಒಂದು ಕಡೆ ವಾಲುವವನಾದರೆ ಚೌಕಟ್ಟು ಆ ತಪ್ಪನ್ನು ಸ್ವಲ್ಪ ಮುಚ್ಚಿಹಾಕುತ್ತದೆ, ಮೆತ್ತೆ ಅದನ್ನು ಹಾಗ್ಹಾಗೇ ಬೆನ್ನಿಗೆ ದಾಟಿಸುತ್ತದೆ.

ಹಾಗಾದರೆ ಅಜ್ಜನ ಕುದುರೆಗೆ ಚೌಕಟ್ಟಿಲ್ಲದೆಯೂ ಏಕೆ ಹುಣ್ಣಾಗಿಲ್ಲ? ಅದು ಹೊರುವುದು ಎರಡೂ ಬದಿಗೆ ಸಮನಾಗಿ ಇಳಿಬಿಟ್ಟ ಹೇರು. ಹೇರು ರಿಕಾಪಿನ ಮೇಲೆ ಎದ್ದು ಕುಕ್ಕುವುದಿಲ್ಲ. ಹಿಂಡಿನ ಜೊತೆ ಹೋಗುವುದರಿಂದ ನಡಿಗೆಗಿಂತ ಜೋರಾದ ವೇಗವಿಲ್ಲ. ಹುಲ್ಲು ಬಿಗಿದ ಸುರುಳಿ ಮೆತ್ತೆಯ ಹಾಗೆ ಕಂಡರೂ ಸಾಕಷ್ಟು ಗಡುಸು, ಹೆಚ್ಚುಕಡಿಮೆ ಚೌಕಟ್ಟಿನ ಪಟ್ಟೆಯ ಕೆಲಸವನ್ನೇ ಮಾಡುತ್ತದೆ. ಸವೆದಾಗ ಬಿಚ್ಚಿ ಹೊಸ ಹುಲ್ಲು ತುಂಬಬಹುದು, ಅಂದರೆ ಬೆನ್ನು ಬದಲಾದಂತೆ ಅದೂ ಬದಲಾಗುತ್ತದೆ. ಮೇಲಿನ ಕಂಬಳಿಯದ್ದು ಇನ್ನೊಂದು ಗುಣ. ರಾಯಚೂರು ಸೀಮೆಯ ಕೆಂಗುರಿಗೆ ಕತ್ತರಿಸುವಷ್ಟು ಉಣ್ಣೆ ಇಲ್ಲ, ಕಂಬಳಿಗೆ ಬೇಕಾದ್ದು ದಖನಿ ಕುರಿಯ ಒರಟು ಕರಿಯುಣ್ಣೆ. ಹುಣಸೆಬೀಜದ ಗಂಜಿ ಕುಡಿಸಿ ನೇಯ್ದ ಆ ಕಂಬಳಿ ಬೆವರನ್ನು ಹೀರಿಕೊಂಡೂ ಹಸಿಯಾಗಿ ಮೈಗೆ ಅಂಟುವುದಿಲ್ಲ. ಹಸಿ ಚರ್ಮ ಬೇಗ ಸುಲಿಯುತ್ತದೆ, ಒಣ ಚರ್ಮ ತಡೆದುಕೊಳ್ಳುತ್ತದೆ.

ಕೊಳ್ಳುವವರಿಗೆ ಹೇಳಬಹುದಾದ್ದು ಇಷ್ಟು. ಕುದುರೆಯ ಬೆನ್ನಿಗೆ ಚೌಕಟ್ಟು ಇದೆಯೋ ಇಲ್ಲವೋ ಗೊತ್ತಾಗುವುದಿಲ್ಲ. ಒಂದು ಬೆರಳಗಲದ ಮೇಲೆ ಎಷ್ಟು ಭಾರ, ಎಷ್ಟು ಹೊತ್ತು ಎಂಬುದಷ್ಟೇ ಗೊತ್ತಾಗುತ್ತದೆ. ಹೊಂದುವ ಚೌಕಟ್ಟು ಎಲ್ಲಕ್ಕಿಂತ ಮೇಲು. ಹೊಂದದ ಚೌಕಟ್ಟಿಗಿಂತ ಓಣಿ ಬಿಟ್ಟ ದಪ್ಪ ಮೆತ್ತೆ ಮೇಲು. ಹಗುರಾದ ಸವಾರ, ನಿಧಾನದ ನಡಿಗೆ, ಗಿಡ್ಡ ಪಯಣ ಇದ್ದರೆ ಮೆತ್ತೆ ಸಾಕು. ಪರೀಕ್ಷೆಗೆ ಕಂಪ್ಯೂಟರ್ ಚಾಪೆಯೇ ಬೇಕೆಂದಿಲ್ಲ. ಸವಾರಿ ಮುಗಿದ ಕೂಡಲೇ ಜೀನು ಇಳಿಸಿ ಬೆವರು ನೋಡಿದರೆ ಆಯಿತು. ಸುತ್ತೆಲ್ಲ ತೊಯ್ದು ನಡುವೆ ಅಂಗೈಯಗಲ ಒಣಗಿದ್ದರೆ ಅಲ್ಲಿ ಒತ್ತಡ ಮಿತಿಮೀರಿರಬಹುದು. ಕಂದು ಮೈಯಲ್ಲಿ ಜೀನಿನ ಜಾಗದಲ್ಲಷ್ಟೇ ಬಿಳಿ ಕೂದಲು ಹುಟ್ಟಿದ್ದರೆ ಅದು ಹಳೆಯ ಗಾಯದ ದಾಖಲೆ. ಕೂದಲಿಗೆ ಬಣ್ಣ ಕೊಡುವ ಕೋಶಗಳು ಅಲ್ಲಿ ಸತ್ತಿವೆ.

ಅಂಥ ದಾಖಲೆಯೊಂದನ್ನು ರಾಯಚೂರಿನಲ್ಲೇ ಓದಿದೆ. ತೀನ್ ಕಂದೀಲ್ ಹತ್ತಿರ ಮದುವೆಯ ಮೆರವಣಿಗೆ ಮುಗಿದಿತ್ತು. ಬ್ಯಾಂಡಿನವರು ಬೀಡಿ ಹಚ್ಚಿಕೊಂಡು ಕೂತಿದ್ದರು. ಕುದುರೆಯ ಹುಡುಗ ಜರಿಯ ಹೊದಿಕೆ, ಅದರಡಿಯ ಜೀನು ಇಳಿಸಿದ. ಬೆವರಿನಲ್ಲಿ ಮಿರುಗುವ ಬೆನ್ನು, ಹೆಗಲ ದಿಬ್ಬದ ಎರಡೂ ಬದಿಗೆ ಒಂದೊಂದು ಒಣ ಮಚ್ಚೆ, ಮಚ್ಚೆಯ ನಡುವೆ ರೂಪಾಯಿಯಗಲ ಬಿಳಿ ಕೂದಲು.

"ಇದೇನಪಾ?" ಎಂದೆ.

"ಚಂದ್ರ ಸುಳಿ ರೀ. ಇಂಥದಿದ್ದ ಕುದುರಿ ಭಾಳ ಶುಭ ಅಂತಾರ."

ಮಾನ್ವಿ ಅಜ್ಜನ ಗೋಣಿಸುರುಳಿಯ ವಿಷಯ ಹೇಳಿದೆ. ಮಚ್ಚೆಯ ಮೇಲೆ ಬೆರಳಿಟ್ಟು ಮೆಲ್ಲಗೆ ಒತ್ತಲು ಹೇಳಿದೆ. ಒತ್ತಿದ. ಕುದುರೆ ಬೆನ್ನು ತಗ್ಗಿಸಿ ಪಕ್ಕಕ್ಕೆ ಸರಿಯಿತು. ಹುಡುಗ ಕೈ ಹಿಂದಕ್ಕೆ ಎಳೆದುಕೊಂಡು ಒಂದು ಗಳಿಗೆ ಸುಮ್ಮನಿದ್ದ. ಆಮೇಲೆ ನಕ್ಕ.

"ಮದುಮಗನ್ನ ಗೋಣಿಚೀಲದ ಮ್ಯಾಲ ಕುಂದರಿಸಲೇನ್ರೀ?"

"ಜರಿ ಕೆಳಗ ಇಟ್ರ ಮದುಮಗಗ ಏನ್ ಕಾಣತೈತಿ?" ಎಂದೆ. "ಗೊತ್ತಾಗೋದು ಕುದುರಿಗೆ."